ಊರಿನಲ್ಲಿ ಸಾಂಕ್ರಾಮಿಕವಿದ್ದಾಗ ದೀರ್ಘಕಾಲದ ಕಾಯಿಲೆಯವರು ಜಾತ್ರೆ, ಮದುವೆಗಳಿಗೆ ಹೋಗಬಹುದೆ?

ಸುಗ್ಗಿ ಮುಗಿದು ಕಣ ಬರಿದಾಗುತ್ತಿದ್ದಂತೆಯೇ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಜಾತ್ರೆ, ರಥೋತ್ಸವ, ಮದುವೆಗಳ ಕಾಲ ಆರಂಭವಾಗುತ್ತದೆ. ಚಂದ್ರಗುತ್ತಿಯ ರೇಣುಕಾಂಬೆಯ ದರ್ಶನ, ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರು, ನೆಂಟರಿಷ್ಟರ ಮನೆಯ ಶುಭಕಾರ್ಯಗಳು ಒಂದರ ಹಿಂದೆ ಒಂದು ಬರುತ್ತವೆ. ಇದೇ ತಿಂಗಳುಗಳಲ್ಲಿ ಶೀತಜ್ವರವೂ ಮಂಗನ ಕಾಯಿಲೆಯೂ ಕಾಣಿಸಿಕೊಳ್ಳುವುದುಂಟು. ಆಗ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಮನೆಯಲ್ಲಿದ್ದರೆ ಅವರನ್ನು ಜನಸಂದಣಿಗೆ ಕರೆದೊಯ್ಯಬೇಕೆ, ಬೇಡವೆ ಎಂಬ ಪ್ರಶ್ನೆ ಗಂಡ ಹೆಂಡಿರ ನಡುವೆಯೇ ಹುಟ್ಟುತ್ತದೆ.

ಒಮ್ಮೆ ಒಬ್ಬ ದಂಪತಿಗಳು ಸಕ್ಕರೆ ಕಾಯಿಲೆಯ ತಾಯಿಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಊರಿನಲ್ಲಿ ಮನೆಮನೆಗೂ ಕೆಮ್ಮು, ಜ್ವರ. ಆ ವಾರವೇ ತಾಯಿಯ ತಂಗಿಯ ಮಗಳ ಮದುವೆ. ಹೋಗಕೂಡದೆಂದು ಮಗ, ಹೋಗಿಯೇ ಸಿದ್ಧವೆಂದು ತಾಯಿ. ಸೊಸೆ ಮೆಲ್ಲನೆ ಹೇಳಿದ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು: "ಅತ್ತೆ ಹೋಗದಿದ್ದರೆ ಸೊಸೆಯೇ ತಡೆದಳು ಅಂತಾರೆ ಸಾರ್, ಹೋಗಿ ಏನಾದರೂ ಆದರೆ ಅದೂ ನನ್ನ ತಲೆಗೇ ಬರುತ್ತದೆ." ಇಂತಹ ಇಕ್ಕಟ್ಟಿನಲ್ಲಿರುವವರಿಗೆ "ಹೋಗಬೇಡಿ" ಎಂಬ ಒಂದೇ ಮಾತು ಸಾಲದು.

ಮೊದಲು ವಿಚಾರಿಸಬೇಕಾದುದು ಊರಿಗೆ ಬಂದಿರುವ ರೋಗ ಯಾವ ದಾರಿಯಿಂದ ಹರಡುತ್ತದೆ ಎಂಬುದನ್ನು. ಎಲ್ಲ ಸಾಂಕ್ರಾಮಿಕಗಳೂ ಜನಸಂದಣಿಯಿಂದ ಹರಡುವುದಿಲ್ಲ. ಇದಕ್ಕೆ ನಮ್ಮ ಸೊರಬ ತಾಲ್ಲೂಕಿಗಿಂತ ಉತ್ತಮ ನಿದರ್ಶನ ಬೇರೊಂದಿಲ್ಲ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ಪರೀಕ್ಷಿಸಿದಾಗ ಹೊಸ ವೈರಾಣುವೊಂದು ಪತ್ತೆಯಾಗಿ, ರೋಗಕ್ಕೆ ಆ ಕಾಡಿನ ಹೆಸರೇ ಬಂತು. ಅದೇ ಮಂಗನ ಕಾಯಿಲೆ. ಇದನ್ನು ಹರಡುವುದು ಕಾಡಿನ ಉಣುಗು, ಅಂದರೆ ಉಣ್ಣೆ. ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡಿದುದು ಕಂಡುಬಂದಿಲ್ಲ. ಆದುದರಿಂದ ಮಂಗನ ಕಾಯಿಲೆಯ ಭಯದಿಂದ ವೃದ್ಧರನ್ನು ಮದುವೆಗೆ ಕಳುಹಿಸದೆ, ಅದೇ ದಿನ ತರಗೆಲೆ ತರಲು ಅವರನ್ನು ಕಾಡಿಗೆ ಕಳುಹಿಸಿದರೆ ಎಲ್ಲವೂ ತಲೆಕೆಳಗಾದಂತೆ. ಮದುವೆಯ ಚಪ್ಪರದಲ್ಲಿ ಆ ರೋಗ ತಗಲದು. ಕಾಡಿನ ಅಂಚಿನಲ್ಲಿ ತಗಲುತ್ತದೆ.

ಇದಕ್ಕೆ ಒಂದು ಅಪವಾದವುಂಟು. ಸೊರಬದ ಕಾನುಗಳೊಳಗೆ ಚೌಡಿ, ಭೂತಪ್ಪ ಮೊದಲಾದ ದೇವರಿಗೆ ಪೂಜೆ ಸಲ್ಲಿಸಿ, ಅಲ್ಲಿಯೇ ಅಡಿಗೆ ಮಾಡಿ, ತರಗೆಲೆಯ ಮೇಲೆ ಕುಳಿತು ಊಟ ಮಾಡುವ ಪದ್ಧತಿಯಿದೆ. ಇಲ್ಲಿ ಜನ ಸೇರುವುದು ಅಪಾಯವಲ್ಲ, ಸೇರುವ ಸ್ಥಳವೇ ಅಪಾಯ. ಎಳ್ಳಿನಷ್ಟು ಚಿಕ್ಕದಾದ ಮರಿ ಉಣುಗು ಕಚ್ಚಿದುದು ತಿಳಿಯುವುದೂ ಇಲ್ಲ. ಮಂಗ ಸತ್ತ ಸುದ್ದಿ ಬಂದಿರುವ ಕಾನಿನಲ್ಲಿ ಆ ವರ್ಷದ ಪೂಜೆಯನ್ನು ಅರ್ಚಕರೊಬ್ಬರು ಮಾಡಿ ಬರಲಿ. ಅವರೂ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಲಿ. ಹಿಂತಿರುಗಿದ ಮೇಲೆ ಬಿಸಿನೀರಿನಲ್ಲಿ ಸ್ನಾನಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿಯೇ ಒಗೆಯಬೇಕು.

ಮಂಗನ ಕಾಯಿಲೆ ತಗಲಿದ ನೂರು ಜನರಲ್ಲಿ 3ರಿಂದ 5 ಜನರು ಮರಣಹೊಂದುವುದುಂಟು, ಕೆಲವರಲ್ಲಿ ರಕ್ತಸ್ರಾವವಾಗುತ್ತದೆ. ಆದ್ದರಿಂದ ಹೃದಯದ ಕಾಯಿಲೆಗಾಗಿ ಆಸ್ಪಿರಿನ್ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಮಾತ್ರೆಯನ್ನು ದಿನವೂ ಸೇವಿಸುವವರು ಒಂದು ಸಂಗತಿಯನ್ನು ಅವಶ್ಯವಾಗಿ ನೆನಪಿಡಬೇಕು. ಕಾಡಿಗೆ ಹೋಗಿಬಂದ ಕೆಲವು ದಿನಗಳಲ್ಲಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ವೈದ್ಯರ ಬಳಿಗೆ ಹೋಗಿ, ತಾವು ಸೇವಿಸುವ ಮಾತ್ರೆಗಳ ಚೀಟಿಯನ್ನು ತೋರಿಸಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಕೂಡದು. ಹೃದಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪೇ. ನಿಲ್ಲಿಸಬೇಕೆ, ಮುಂದುವರಿಸಬೇಕೆ ಎಂಬುದನ್ನು ವೈದ್ಯರು ನಿರ್ಧರಿಸಲಿ.

ವಾಂತಿಭೇದಿಯ ದಾರಿ ಬೇರೆ. ಅದು ನೀರು, ಅನ್ನ, ಕೈಗಳ ಮೂಲಕ ಬರುತ್ತದೆ. ತೇರು ನೋಡಿದರೆ ಬಾರದು. ಕುದಿಸದ ನೀರಿನ ಪಾನಕ ಕುಡಿದರೆ ಬರಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೂ ಮೂತ್ರಪಿಂಡದ ಕಾಯಿಲೆಯವರಿಗೂ ಭೇದಿಯಿಂದ ಬೇಗ ಅಪಾಯವಾಗುವುದರಿಂದ ಅವರು ಮನೆಯಿಂದಲೇ ಕುದಿಸಿ ಆರಿಸಿದ ನೀರನ್ನು ಒಯ್ಯಬೇಕು.

ಇನ್ನು ಉಸಿರಿನ ಮೂಲಕ ಹರಡುವ ರೋಗಗಳು. ಜನಸಂದಣಿಯಿಂದ ನಿಜವಾಗಿಯೂ ದೂರವಿರಬೇಕಾದುದು ಇವು ಹಬ್ಬಿರುವಾಗ. 2009ರ ಎಚ್1ಎನ್1 ಶೀತಜ್ವರವನ್ನೂ 2020ರ ಕೋವಿಡನ್ನೂ ನೀವು ಮರೆತಿರಲಾರಿರಿ. 2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣ ನಮ್ಮ ರಾಜ್ಯದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಅವರಿಗೆ ರಕ್ತದೊತ್ತಡವೂ ಉಬ್ಬಸವೂ ಇದ್ದುವು. ಸಕ್ಕರೆ ಹತೋಟಿಯಲ್ಲಿಲ್ಲದ ದೇಹದಲ್ಲಿ ರೋಗಾಣುಗಳನ್ನು ಎದುರಿಸುವ ಶಕ್ತಿ ಕುಂದಿರುತ್ತದೆ. ಸೋಂಕು ತಗಲಿದರೆ ಸಕ್ಕರೆ ಮತ್ತಷ್ಟು ಏರುತ್ತದೆ. ಉಬ್ಬಸದವರ ಶ್ವಾಸನಾಳಗಳು ಸಣ್ಣ ಸೋಂಕಿಗೂ ಬಿಗಿದುಕೊಳ್ಳುತ್ತವೆ. ದುರ್ಬಲ ಹೃದಯಕ್ಕೆ ಜ್ವರವೇ ಒಂದು ಹೊರೆ. ಗರ್ಭಿಣಿಯರು ರೋಗಿಗಳಲ್ಲವಾದರೂ ಶೀತಜ್ವರದ ವಿಷಯದಲ್ಲಿ ಅವರನ್ನೂ ಈ ಗುಂಪಿನಲ್ಲಿಯೇ ಎಣಿಸಬೇಕು.

ಇಂತಹ ರೋಗವು ಊರಿನಲ್ಲಿ ಹೆಚ್ಚಾಗಿರುವ ಕೆಲವು ವಾರಗಳಲ್ಲಿ ಇವರು ಮುಚ್ಚಿದ ಕಲ್ಯಾಣಮಂಟಪಗಳಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಗಾಳಿಯಾಡದ ಗರ್ಭಗುಡಿಯ ಸಾಲಿನಲ್ಲಿ ನಿಲ್ಲದಿರುವುದೇ ಲೇಸು. ಚಂದ್ರಗುತ್ತಿಯ ದೇವಿ ಗುಹೆಯಲ್ಲಿ ನೆಲೆಸಿದ್ದಾಳೆ. ಜಾತ್ರೆಯ ದಿನ ಅಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗದೆ ಇರದು. ಅದೇ ಬಯಲಿನಲ್ಲಿ ಎಳೆಯುವ ತೇರನ್ನು ದೂರದ ಮನೆಯ ಜಗಲಿಯಿಂದ ನೋಡಿದರೆ ಅಪಾಯ ಬಹಳ ಕಡಿಮೆ. ಶಿರಾಳಕೊಪ್ಪದ ಸಂತೆಗೆ ಹೋಗಲೇಬೇಕಾದರೆ ಬೆಳಗ್ಗೆ ಜನ ನೆರೆಯುವ ಮೊದಲೇ, ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಕಟ್ಟಿಕೊಂಡು ಹೋಗಿ ಬರಲಿ. ಸಾವಿನ ಮನೆಗೆ ಹೋಗದಿರುವುದು ಕಷ್ಟ. ಅಂಗಳದಲ್ಲಿ ಒಂದು ಮಾರು ದೂರ ನಿಂತು, ಕೈಮುಗಿದು, ಬೇಗ ಹಿಂತಿರುಗಬಹುದು.

ಆದರೆ ಕಾಯಿಲೆಯವರನ್ನು ಮನೆಯಲ್ಲಿ ಕೂಡಿಸಿ, ಉಳಿದವರೆಲ್ಲ ಊರೂರು ಸುತ್ತಿ ಬಂದರೆ ಪ್ರಯೋಜನವೇನು? ಕೋವಿಡ್, ಶೀತಜ್ವರಗಳು ಲಕ್ಷಣ ತೋರುವುದಕ್ಕೆ ಮೊದಲೇ ಇನ್ನೊಬ್ಬರಿಗೆ ಹರಡಬಲ್ಲವು. ಮದುವೆಗೆ ಹೋಗಿಬಂದ ಮಗನೇ ತಂದೆಗೆ ರೋಗ ತಂದುಕೊಡುವುದನ್ನು ನಾವು ಎಷ್ಟೋ ಬಾರಿ ಕಂಡಿದ್ದೇವೆ. ಗಂಡಹೆಂಡಿರಿಬ್ಬರೂ ಹೋಗುವ ಬದಲು ಒಬ್ಬರೇ ಹೋಗಿ ಬರಲಿ; ಬಂದವರು ಕೆಲವು ದಿನ ಹಿರಿಯರ ಕೋಣೆಯಲ್ಲಿ ಮಲಗದಿರಲಿ, ಕೆಮ್ಮು ಕಂಡರೆ ಅವರ ಆರೈಕೆಯನ್ನು ಇನ್ನೊಬ್ಬರಿಗೆ ಬಿಡಲಿ.

ಇನ್ನೊಂದು ತಪ್ಪಿನ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಜನರಿಂದ ದೂರವಿರಿ ಎಂದರೆ ಆಸ್ಪತ್ರೆಯಿಂದಲೂ ದೂರವಿರಿ ಎಂದಲ್ಲ. ಭಾರತದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಆ ಸಂಖ್ಯೆ 18 ಲಕ್ಷಕ್ಕೆ ಇಳಿಯಿತು. ಕ್ಷಯವು ಒಂದೇ ವರ್ಷದಲ್ಲಿ ಅಷ್ಟು ಕಡಿಮೆಯಾಗಲಿಲ್ಲ. ರೋಗಿಗಳು ಆಸ್ಪತ್ರೆಗೆ ಬರಲಿಲ್ಲ, ಬರಲಾಗಲಿಲ್ಲ. ಡಯಾಲಿಸಿಸ್ ತಪ್ಪಿಸುವುದು, ಇನ್ಸುಲಿನ್ ಮುಗಿದರೂ ಸುಮ್ಮನಿರುವುದು ಸಾಂಕ್ರಾಮಿಕಕ್ಕಿಂತ ಬೇಗ ಪ್ರಾಣ ತೆಗೆಯಬಲ್ಲುವು. ಒಂದು ತಿಂಗಳ ಮಾತ್ರೆಯನ್ನು ಮುಂಚೆಯೇ ಪಡೆದಿಟ್ಟುಕೊಳ್ಳಿ. ಶೀತಜ್ವರ ಮತ್ತು ಕೋವಿಡ್ ಲಸಿಕೆಗಳ ಬಗ್ಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ. ಊರಿನಲ್ಲಿರುವುದು ಯಾವ ಜ್ವರ, ಅದು ಏರುತ್ತಿದೆಯೆ, ಇಳಿಯುತ್ತಿದೆಯೆ ಎಂಬುದನ್ನು ಆಶಾ ಕಾರ್ಯಕರ್ತೆ ತಿಳಿದಿರುತ್ತಾರೆ. ಇಳಿದ ಮೇಲೂ ವೃದ್ಧರನ್ನು ಹೊರಗೆ ಬಿಡದಿರುವುದು ಸರಿಯಲ್ಲ. ನಾಲ್ಕು ಜನರ ಮುಖ ಕಾಣದೆ ಅವರು ಊಟ ಬಿಡುವುದನ್ನೂ ಮಾತ್ರೆ ಮರೆಯುವುದನ್ನೂ ನಾನು ನೋಡಿದ್ದೇನೆ.

ಆ ತಾಯಿಯ ಸಕ್ಕರೆಯನ್ನು ಪರೀಕ್ಷಿಸಿದಾಗ ಅದು ಹತೋಟಿಯಲ್ಲಿರಲಿಲ್ಲ. ಮದುವೆ ನಡೆಯುವುದು ಮುಚ್ಚಿದ ಮಂಟಪದಲ್ಲಿ. ಹೋಗುವುದು ಬೇಡವೆಂದು ನಾನೇ ಹೇಳಿದೆ. ನೆಂಟರು ಕೇಳಿದರೆ ಡಾಕ್ಟರು ತಡೆದರೆಂದು ಹೇಳುವಂತೆ ಸೊಸೆಗೆ ತಿಳಿಸಿದೆ. ಮಗನೊಬ್ಬನೇ ಹೋಗಿ ಉಡುಗೊರೆ ಕೊಟ್ಟು ಬಂದ. ಊರಿನಲ್ಲಿ ಜ್ವರ ಇಳಿದ ಮೇಲೆ ಮದುಮಕ್ಕಳೇ ಬಂದು, ಅಂಗಳದ ತುಳಸಿಕಟ್ಟೆಯ ಬಳಿ ಅವರಿಗೆ ನಮಸ್ಕರಿಸಿ, ಊಟ ಮಾಡಿ ಹೋದರಂತೆ.