ಅತ್ತೆಯವರ ಬಟ್ಟಲಿಗೂ ಒಂದು ತಂಪು ಸಿಹಿ

ಯುಗಾದಿ ಕಳೆಯಿತೆಂದರೆ ಹೊಸಪೇಟೆಯ ಬಿಸಿಲು ಹೇಗಿರುತ್ತದೆಂದು ಈ ಸೀಮೆಯ ಸೋದರಿಯರಿಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಹತ್ತು ಗಂಟೆಗೇ ಅಂಗಳದ ಬಂಡೆಯ ಮೇಲೆ ಕಾಲಿಡಲು ಆಗುವುದಿಲ್ಲ. ಮಧ್ಯಾಹ್ನದ ಊಟ ಮುಗಿಯುತ್ತಲೇ ಮನೆಮಂದಿಯೆಲ್ಲ, 'ತಣ್ಣಗೆ ಏನಾದರೂ ಇದೆಯೇ?' ಎಂದು ಅಡಿಗೆಮನೆಯ ಕಡೆ ನೋಡುತ್ತಾರೆ. ಕಸ್ಟರ್ಡ್, ಐಸ್‌ಕ್ರೀಮ್, ಫ್ರೂಟ್ ಸಲಾಡ್, ಕುಲ್ಫಿ - ನಾವು ಮಾಡುವುದು ಇವನ್ನೇ. ಇವೆಲ್ಲಕ್ಕೂ ಹಾಲೇ ಬೇಕು. ಹಾಗಾದರೆ ಹಾಲು ಒಗ್ಗದವರು ಏನು ತಿನ್ನಬೇಕು? ಈ ಪ್ರಶ್ನೆ ನನ್ನ ತಲೆಗೆ ಹೊಳೆದದ್ದು ಬಹಳ ತಡವಾಗಿ. ಅದಕ್ಕಾಗಿ ಇಂದಿಗೂ ನನಗೆ ನಾಚಿಕೆಯಿದೆ.

ನಮ್ಮ ಅತ್ತೆಯವರ ತವರು ಕಂಪ್ಲಿ. ತುಂಗಭದ್ರೆಯ ದಂಡೆಯ ಊರು. ಭತ್ತ, ಬಾಳೆ, ಕಬ್ಬಿನ ಸೀಮೆ. ಆಲೆಮನೆಯ ಬಿಸಿ ಬೆಲ್ಲ ತಿಂದು ಬೆಳೆದವರಿಗೆ ಸಿಹಿಯೆಂದರೆ ಪ್ರಾಣ. ಆದರೆ ಕೆಲವು ವರ್ಷಗಳಿಂದ ಶಾವಿಗೆ ಪಾಯಸ ಉಂಡರೂ ಸರಿ, ಒಂದು ಲೋಟ ಹಾಲು ಕುಡಿದರೂ ಸರಿ, ಹೊಟ್ಟೆ ಉಬ್ಬರಿಸಿ, ಗುಡುಗುಡು ಎಂದು, ಕೊನೆಗೆ ಭೇದಿಯಾಗುತ್ತಿತ್ತು. 'ವಯಸ್ಸಾದರೂ ಬಾಯಿ ಕಟ್ಟೋದಿಲ್ಲ' ಎಂದು ಮನೆಯವರೆಲ್ಲ ನಗುತ್ತಿದ್ದರು. ನಾನೂ ಅಂದವಳೇ. ಒಮ್ಮೆ ಕಂಪ್ಲಿಯಲ್ಲಿ ಅಣ್ಣನ ಮೊಮ್ಮಗಳ ಮದುವೆಯ ಪಂಕ್ತಿಯಿಂದ ಅವರು ಅರ್ಧಕ್ಕೇ ಎದ್ದು ಹೋಗಬೇಕಾಯಿತು. ಅಂದಿನಿಂದ ಯಾರ ಮನೆಯ ಶುಭಕಾರ್ಯಕ್ಕೆ ಕರೆದರೂ ಒಂದೇ ಮಾತು: "ನೀವು ಹೋಗಿ ಬರ್ರಿ. ನಾ ಮನಿ ಕಾಯ್ತೀನಿ."

ಕೊನೆಗೆ ವೈದ್ಯರಿಗೆ ತೋರಿಸಿದೆವು. ಅವರು ಎಲ್ಲವನ್ನೂ ಕೇಳಿ, ಎರಡು ವಾರ ಹಾಲು ಬಿಟ್ಟು ನೋಡಲು ಹೇಳಿದರು. ಹೊಟ್ಟೆ ತೆಪ್ಪಗಾಯಿತು! ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳೆಯ ಕೂಸಿನ ಕರುಳಿನಲ್ಲಿ ಬೇಕಾದಷ್ಟಿದ್ದು, ಬೆಳೆದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಅರಗದೆ ಉಳಿದ ಸಕ್ಕರೆ ದೊಡ್ಡ ಕರುಳಿನಲ್ಲಿ ಹುದುಗು ಬಂದು ವಾಯು, ನೋವು, ಭೇದಿ ಉಂಟುಮಾಡುತ್ತದೆ. ಇದು ಬಾಯಿಚಪಲವೂ ಅಲ್ಲ, ನಾಟಕವೂ ಅಲ್ಲ. ಹುದುಗಿದ ಮೊಸರು ಮಜ್ಜಿಗೆ ಇಂಥವರಲ್ಲಿ ಹಲವರಿಗೆ ಸ್ವಲ್ಪ ಮಟ್ಟಿಗೆ ಒಗ್ಗುವುದುಂಟು. ಅತ್ತೆಯವರಿಗೂ ಮಜ್ಜಿಗೆ ಒಗ್ಗಿತು. ಆದರೆ ಸಿಹಿಯ ಬಟ್ಟಲು ಮಾತ್ರ ಬರಿದಾಯಿತು.

ಅದೇ ಬೇಸಿಗೆಯಲ್ಲಿ ಸಂಡೂರಿನ ನಾದಿನಿ ಮಕ್ಕಳೊಂದಿಗೆ ಬಂದಿದ್ದಳು. ಎಲ್ಲರೂ ಹಂಪಿಗೆ ಹೋಗಿ ವಿರೂಪಾಕ್ಷನ ದರ್ಶನ ಮಾಡಿಕೊಂಡು, ನೆರಳಿಗೆಂದು ಒಂದು ಹೋಟೆಲಿನಲ್ಲಿ ಕುಳಿತೆವು. ಪರದೇಶದ ಪ್ರವಾಸಿಗರು ಬರುವ ಜಾಗ. ಗೋಡೆಯ ಹಲಗೆಯ ಮೇಲೆ ಹಾಲಿಲ್ಲದ ತಿಂಡಿಗಳ ಪಟ್ಟಿಯನ್ನೇ ಬೇರೆಯಾಗಿ ಬರೆದಿದ್ದರು. ನಾದಿನಿ ಓದಿ ಹೇಳಿದಳು: "ನೋಡು ಅತ್ತಿಗೆ, ಊರಿಗೆ ಬಂದ ಪರದೇಶದವರಿಗೆ ಹಾಲಿಲ್ಲದ ಸಿಹಿ ಮಾಡ್ತಾರೆ. ನಮ್ಮವ್ವಗ ನಾವು ಮಾಡಲಿಲ್ಲಲ್ಲ!" ಆ ಮಾತು ನನಗೆ ನೆಟ್ಟಿತು.

ಹಾಲಿಲ್ಲದ ಸಿಹಿ ನಮಗೇನು ಹೊಸದೇ? ಗಸಗಸೆ ಪಾಯಸಕ್ಕೆ ತೆಂಗಿನಕಾಯಿ, ಬೆಲ್ಲ ಸಾಕು. ಆದರೆ ಅದು ಬಿಸಿಲಿಗೆ ತಂಪಲ್ಲ, ಉಂಡವರಿಗೆ ಕಣ್ಣು ಎಳೆಯುತ್ತದೆ. ಹಗುರವಾಗಿ, ತಣ್ಣಗೆ ಇರುವುದು ಬೇಕಿತ್ತು. ನಾದಿನಿ ಊಟಿ ಪ್ರವಾಸದಿಂದ ತಂದುಕೊಟ್ಟ ಹಸಿರು ಚಹಾದ ಡಬ್ಬಿ ಹಾಗೇ ಇತ್ತು. ಹಸಿರು ಚಹಾ ಎಂದರೆ ಬೇರೆ ಗಿಡವಲ್ಲ. ನಮ್ಮ ಚಹಾದ ಎಲೆಯನ್ನೇ ಕಿತ್ತ ಕೂಡಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿಮಾಡಿ, ಕಪ್ಪಾಗದಂತೆ ತಡೆದು ಒಣಗಿಸುತ್ತಾರೆ. ಜಪಾನಿನಲ್ಲಿ ಈ ಚಹಾವನ್ನೂ ಸಮುದ್ರದ ಪಾಚಿಯಿಂದ ತೆಗೆದ ಅಗರ್ ಎಂಬುದನ್ನೂ ಸೇರಿಸಿ ಸಿಹಿ ಮಾಡುತ್ತಾರೆ. ಆ ಅಗರ್ ನಮ್ಮ ಕಿರಾಣಿ ಅಂಗಡಿಯ ಚೈನಾ ಗ್ರಾಸೇ! ತಮಿಳುನಾಡಿನ ರಾಮನಾಥಪುರದ ಕಡಲಿನಲ್ಲಿ ಹೆಂಗಸರು ಮುಳುಗಿ ಇಂಥ ಪಾಚಿ ಕಿತ್ತು ಹೊಟ್ಟೆ ಹೊರೆಯುತ್ತಾರೆ.

ಜೆಲಾಟಿನ್ ಬದಲು ಚೈನಾ ಗ್ರಾಸನ್ನೇ ಏಕೆ ಆರಿಸಬೇಕು? ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುತ್ತದೆ; ಜೊತೆಗೆ ನಮ್ಮ ಸೆಕೆಗೆ ಕರಗಿ ನೀರಾಗುತ್ತದೆ. ಚೈನಾ ಗ್ರಾಸ್ 40 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿ ಬಿಸಿಯಾಗುವವರೆಗೆ ಕರಗದು. ಬಳ್ಳಾರಿ ಸೀಮೆಗೆ ಹೇಳಿ ಮಾಡಿಸಿದ ಪದಾರ್ಥ!

ಮೊದಲ ಸಲ ನನ್ನ ತಂಪು ಕೆಟ್ಟಿತು. ದಿನದ ಚಹಾದಂತೆ ಎಲೆಯನ್ನು ಕೊತಕೊತ ಕುದಿಸಿದೆ; ಚೈನಾ ಗ್ರಾಸ್ ಇಡೀ ಪೊಟ್ಟಣ ಸುರಿದೆ. ಅತ್ತೆಯವರು ಒಂದು ಚಮಚ ಬಾಯಿಗಿಟ್ಟು, "ಇದೇನವ್ವಾ, ಬೇವಿನ ಕಷಾಯಕ್ಕ ರಬ್ಬರ್ ಹಾಕೀಯೇನು?" ಎಂದರು. ಮೂರನೆಯ ಸಲಕ್ಕೆ ಅಳತೆ ಕುದುರಿತು. ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಹಸಿರು ಚಹಾದ ತಂಪು (6 ಬಟ್ಟಲಿಗೆ)

ಬೇಕಾಗುವ ಸಾಮಗ್ರಿ: ಹಸಿರು ಚಹಾ ಎಲೆ 3 ಟೀ ಚಮಚ; ಚೈನಾ ಗ್ರಾಸ್ ಎಳೆ 5 ಗ್ರಾಂ (10 ಗ್ರಾಂ ಪೊಟ್ಟಣದಲ್ಲಿ ಅರ್ಧ); ಬಲಿತ ತೆಂಗಿನಕಾಯಿ 1; ಸಕ್ಕರೆ ಅರ್ಧ ಬಟ್ಟಲು; ಉಪ್ಪು ಒಂದು ಚಿಟಿಕೆ; ನೀರು. (ಬಟ್ಟಲು ಎಂದರೆ 200 ಮಿ.ಲೀ.)

ಮಾಡುವ ವಿಧಾನ: ಚೈನಾ ಗ್ರಾಸನ್ನು ಸಣ್ಣಗೆ ಕತ್ತರಿಸಿ, ಒಂದೂವರೆ ಬಟ್ಟಲು ನೀರಿನಲ್ಲಿ ಅರ್ಧ ಗಂಟೆ ನೆನೆಯಿಡಿ. ಅಷ್ಟರೊಳಗೆ ಕಾಯಿ ತುರಿದು, ಉಗುರುಬೆಚ್ಚಗಿನ ನೀರು ಸ್ವಲ್ಪವೇ ಹಾಕಿ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿ ಒಂದು ಬಟ್ಟಲು ಗಟ್ಟಿ ಕಾಯಿಹಾಲು ತೆಗೆಯಿರಿ. ಒಂದು ಬಟ್ಟಲು ನೀರು ಕುದಿಸಿ, ಒಲೆಯಿಂದ ಇಳಿಸಿ, ನಾಲ್ಕೈದು ನಿಮಿಷ ಆರಲು ಬಿಡಿ. ನಂತರ ಚಹಾ ಎಲೆ ಹಾಕಿ ಮುಚ್ಚಿ, ಸರಿಯಾಗಿ ಮೂರು ನಿಮಿಷಕ್ಕೆ ಸೋಸಿಬಿಡಿ. ಎಲೆಯನ್ನು ಹಿಂಡಬೇಡಿ, ಕಹಿಯಾಗುತ್ತದೆ.

ಈಗ ನೆನೆದ ಚೈನಾ ಗ್ರಾಸನ್ನು ಅದೇ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಕುದಿಸಿ. ಒಂದು ಎಳೆಯೂ ಕಾಣದಂತೆ ಕರಗಬೇಕು. ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಸಕ್ಕರೆ, ಉಪ್ಪು ಹಾಕಿ ಕದಡಿ ಕೆಳಗಿಳಿಸಿ. ಮೊದಲು ಚಹಾ ನೀರನ್ನೂ, ಬಳಿಕ ಬೆಚ್ಚಗಿನ ಕಾಯಿಹಾಲನ್ನೂ ಸುರಿದು ಕೈಯಾಡಿಸಿ. ಕಾಯಿಹಾಲು ತಣ್ಣಗಿದ್ದರೆ ಚೈನಾ ಗ್ರಾಸ್ ಗಂಟುಗಂಟಾಗುತ್ತದೆ. ಕುದಿಸಿದರೆ ಕಾಯಿಹಾಲು ಒಡೆಯುತ್ತದೆ. ಆದ್ದರಿಂದ ಅದನ್ನು ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಮಿಶ್ರಣ ತುಸು ಮಂದವಾದೊಡನೆ ಬಟ್ಟಲುಗಳಿಗೆ ಹಾಕಿ, ಆರಿದ ಮೇಲೆ ಎರಡು ಗಂಟೆ ಫ್ರಿಜ್‌ನಲ್ಲಿಡಿ.

ಫ್ರಿಜ್ ಇಲ್ಲವೇ? ಕರೆಂಟು ಹೋಯಿತೇ? ಅಗಲವಾದ ತಟ್ಟೆಯಲ್ಲಿ ಮಣ್ಣಿನ ಗಡಿಗೆಯ ನೀರು ಹಾಕಿ, ಬಟ್ಟಲುಗಳನ್ನು ಅದರಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ. ಗಟ್ಟಿಯಾಗುತ್ತದೆ. ಆದರೆ ಕಾಯಿಹಾಲು ಸೆಕೆಗೆ ಬೇಗ ಹುಳಿಯುವುದರಿಂದ ಹೆಪ್ಪಾದ ತಕ್ಷಣ ಉಂಡುಬಿಡಿ. ಹೊರಗೆ ಒಂದೆರಡು ಗಂಟೆಗಿಂತ ಹೆಚ್ಚು ಇಡಬೇಡಿ.

ಬಣ್ಣ ತಿಳಿಹಳದಿ ಹಸಿರಾಗಿರುತ್ತದೆ. ಚಿತ್ರಗಳಲ್ಲಿ ಕಾಣುವ ಗಿಳಿಹಸಿರು ಬರುವುದು ನೆರಳಿನಲ್ಲಿ ಬೆಳೆದ ಎಲೆಯನ್ನು ನುಣ್ಣಗೆ ಬೀಸಿದ ಮಚ್ಚಾ ಪುಡಿಯಿಂದ. ಅದು ದುಬಾರಿ. ಅದಿಲ್ಲವೆಂದು ಹಸಿರು ಬಣ್ಣ ಬೆರೆಸಬೇಡಿ. ಏಲಕ್ಕಿಯೂ ಬೇಡ, ಚಹಾದ ಕಂಪು ಮುಚ್ಚಿಹೋಗುತ್ತದೆ. ಬಡಿಸುವಾಗ ಮೇಲೆ ಸುಗಂಧಿ ಬಾಳೆಹಣ್ಣಿನ ನಾಲ್ಕು ಬಿಲ್ಲೆ ಇಟ್ಟರೆ ಬಹಳ ಸೊಗಸು.

ಕೆಲವು ಎಚ್ಚರಿಕೆ

ಹಸಿರು ಚಹಾದಲ್ಲಿಯೂ ಕೆಫೀನ್ ಇದೆ. ಆದ್ದರಿಂದ ಚಿಕ್ಕ ಮಕ್ಕಳಿಗೆ ಚಹಾದ ಬದಲು ಮಜ್ಜಿಗೆ ಹುಲ್ಲನ್ನು ಕುದಿಸಿದ ನೀರು ಹಾಕಿ, ಸಕ್ಕರೆಯ ಬದಲು ಬೆಲ್ಲ ಹಾಕಿ ಮಾಡಿ. ರಾತ್ರಿ ನಿದ್ದೆ ಬಾರದವರು ಸಂಜೆಯ ನಂತರ ತಿನ್ನದಿರಲಿ.

ಚಹಾದ ಒಗರು ಊಟದಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಸಂಡೂರಿನ ಗುಡ್ಡದಲ್ಲಿ ಎಷ್ಟು ಕಬ್ಬಿಣವಿದ್ದರೇನು, ನಮ್ಮ ರಕ್ತದಲ್ಲಿ ಇರಬೇಕಲ್ಲ! ಊಟವಾಗಿ ಒಂದು ಗಂಟೆ ಕಳೆದ ಮೇಲೆಯೇ ಈ ತಂಪು ತಿನ್ನಿ.

ಕಾಯಿಹಾಲು ಹಸುವಿನ ಹಾಲಿನ ಸ್ಥಾನ ತುಂಬದು, ಅದರಲ್ಲಿ ಸುಣ್ಣದಂಶ ಬಹಳ ಕಡಿಮೆ. ಹಾಲು ಬಿಟ್ಟವರು ರಾಗಿ, ಎಳ್ಳು, ನುಗ್ಗೆಸೊಪ್ಪು ತಪ್ಪದೆ ತಿನ್ನಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಇನ್ನೊಂದು ಮಾತು: ಹಾಲು ಕುಡಿದೊಡನೆ ಮಗುವಿನ ಮೈಮೇಲೆ ದದ್ದು, ಮುಖದ ಊತ, ಉಬ್ಬಸ ಕಂಡರೆ ಅದು ಅಜೀರ್ಣವಲ್ಲ, ಅಲರ್ಜಿ. ತಡಮಾಡದೆ ವೈದ್ಯರ ಬಳಿಗೆ ಓಡಿ. ದೊಡ್ಡವರಲ್ಲಿ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಹಾಲಿನ ದೋಷವೆಂದು ನೀವೇ ತೀರ್ಮಾನಿಸಬೇಡಿ.

ಹೋದ ಶ್ರಾವಣದಲ್ಲಿ ಕಂಪ್ಲಿಯಲ್ಲಿ ಅದೇ ಮೊಮ್ಮಗಳ ಸೀಮಂತ. ನಾನು ಕೇಳುವ ಮೊದಲೇ ಅತ್ತೆಯವರು ಸೀರೆ ಆರಿಸಿ ಇಟ್ಟಿದ್ದರು. ಅವರ ಅಣ್ಣನ ಮನೆಯ ಫ್ರಿಜ್‌ನಲ್ಲಿಯೇ ಎರಡು ಪಾತ್ರೆ ತಂಪು ಮಾಡಿಟ್ಟೆವು. ಊಟ ಮುಗಿದು ಎಲ್ಲರೂ ಚಾಪೆಯ ಮೇಲೆ ಹರಟುತ್ತ ಕುಳಿತಿದ್ದಾಗ ಅತ್ತೆಯವರು ತಾವೇ ಸೌಟು ಹಿಡಿದು ಸುತ್ತಿದರು. "ಹಾಲು ಆಗದವರು ಯಾರದೀರಿ? ನಾಚಬ್ಯಾಡ್ರಿ, ಹೇಳ್ರಿ" ಎಂದರು. ಒಬ್ಬರಲ್ಲ, ಇಬ್ಬರಲ್ಲ, ಐದು ಜನ ಹೆಂಗಸರು ಕೈಯೆತ್ತಿದರು! ಇಷ್ಟು ವರ್ಷ ಅವರೂ ಸುಮ್ಮನೇ ಇದ್ದರು.

ನಿಮ್ಮ ಮನೆಯಲ್ಲೂ ಒಬ್ಬರು ಹೀಗೆ ಸುಮ್ಮನಿರಬಹುದು. ಒಮ್ಮೆ ಕೇಳಿ ನೋಡಿ. ಆಮೇಲೆ ಈ ತಂಪು ಮಾಡಿ ನೋಡಿ.