ಖಾಲಿ ಹೊಟ್ಟೆಯ ಚಹಾ

ಹಲಸಿಯಲ್ಲಿ ನಾನು ಆಶಾ ಕಾರ್ಯಕರ್ತೆ. ಬಸುರಿ, ಬಾಣಂತಿ, ಲಸಿಕೆ ಎಂದು ಮನೆಮನೆ ತಿರುಗುವಾಗ, “ಎದಿ ಧಡಧಡ ಅಂತೈತ್ರಿ ಅಕ್ಕಾರ, ಸುಮ್‌ಸುಮ್ನ ಅಂಜಿಕಿ ಬರ್ತೈತಿ” ಅನ್ನುವವರು ಸಿಗುತ್ತಲೇ ಇರುತ್ತಾರೆ. ಅಷ್ಟರಲ್ಲಿ ಅತ್ತೆ ದೃಷ್ಟಿ ತೆಗೆದಾಗಿರುತ್ತದೆ, ನರಸಿಂಹನ ಗುಡಿಗೂ ಹೋಗಿ ಬಂದಿರುತ್ತಾರೆ. “ಮುಂಜಾನಿಂದ ಏನ್ ತಿಂದೀರಿ?” ಎಂದು ಕೇಳಿದರೆ ಮಾತ್ರ ನಗು. ಎರಡು ಸಲ ಚಹಾ, ಅಷ್ಟೇ.

ನಸುಕಿನಲ್ಲಿ ಎದ್ದು ಕಸ, ನೀರು, ದನ, ಮಕ್ಕಳ ಡಬ್ಬಿ ಮುಗಿಸಿ ಖಾನಾಪುರದ ಬಸ್ ಹತ್ತುವವರ ಹೊಟ್ಟೆಗೆ ಹನ್ನೊಂದರ ತನಕ ಬೇರೇನೂ ಬೀಳುವುದಿಲ್ಲ. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಅದನ್ನು ಏರಿಸಲು ದೇಹ ಅಡ್ರಿನಲಿನ್ ಬಿಡುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹೆದರಿದಾಗ ಆಗುವುದೂ ಇದೇ. ಅದರ ಮೇಲೆ ಚಹಾದ ಕೆಫೀನ್. ಕೆಲವರಿಗೆ ಸ್ವಲ್ಪವೇ ಸಾಕು, ಅಂಜಿಕೆ ಏರುತ್ತದೆ. ಕುಡಿದದ್ದರಲ್ಲಿ ಅರ್ಧ ಕರಗಲಿಕ್ಕೇ ಸುಮಾರು 5 ತಾಸು ಬೇಕು. ಸಂಜೆಯ ಚಹಾ ರಾತ್ರಿಯ ನಿದ್ದೆ ಕೆಡಿಸಿದರೆ ಮರುದಿನದ ಕಳವಳ ಇನ್ನೂ ಹೆಚ್ಚು.

ನನಗೆ ಸಿಟ್ಟು ಬರುವುದು ಗುಳಿಗೆಯ ವಿಷಯಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ರಕ್ತ ಕಡಿಮೆಯಾದರೆ ಗುಡ್ಡ ಏರುವಾಗ ಉಸಿರು ಹತ್ತುತ್ತದೆ, ಎದೆ ಬಡಿದುಕೊಳ್ಳುತ್ತದೆ, ಏನೋ ಆಗಿಬಿಡುತ್ತದೆ ಎಂದು ಜೀವ ಹೆದರುತ್ತದೆ. ಅದಕ್ಕೆಂದು ನಾನು ಕೊಟ್ಟ ಕಬ್ಬಿಣಾಂಶದ ಗುಳಿಗೆಯನ್ನು ಇವರು ಚಹಾ ಕುಡಿಯುತ್ತ ನುಂಗುತ್ತಾರೆ! ಚಹಾದ ಒಗರು ಆ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಗುಳಿಗೆಗೂ ಚಹಾಕ್ಕೂ ಒಂದೆರಡು ತಾಸು ಅಂತರ ಇರಲಿ, ಲಿಂಬು ಇಲ್ಲವೇ ನೆಲ್ಲಿಕಾಯಿ ಜೊತೆಗಿರಲಿ ಅನ್ನುತ್ತೇನೆ. “ಚಹಾ ಬಿಟ್ರ ತಲಿ ಸಿಡಿತೈತ್ರಿ” ಅನ್ನುತ್ತಾರೆ. ಸುಳ್ಳಲ್ಲ, ರೂಢಿಯಾದ ಕೆಫೀನ್ ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ. ಬಿಡಬೇಡಿ, ಕಪ್ಪು ಸಣ್ಣದು ಮಾಡಿ, ಮೊದಲು ಅರ್ಧ ರೊಟ್ಟಿ ಶೇಂಗಾ ಹಿಂಡಿ ತಿನ್ನಿ ಎಂದು ಹೇಳಿ ಬರುತ್ತೇನೆ.

ಕೊರತೆ ಕಬ್ಬಿಣದ್ದೊಂದೇ ಅಲ್ಲ. ನರಗಳಿಗೆ ಬೇಕಾದ ಬಿ12 ವಿಟಮಿನ್ ಸೊಪ್ಪು-ಕಾಳಿನಲ್ಲಿ ಇಲ್ಲ. ಮೊಟ್ಟೆ, ಮೀನು, ಮಾಂಸ ಮುಟ್ಟದವರಿಗೆ ಹಾಲು-ಮೊಸರೇ ಗತಿ. ಎಮ್ಮೆ ಕಟ್ಟಿದ ಮನೆಯಲ್ಲೂ ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಗಂಡಸರ ತಟ್ಟೆಗೆ. ಇತ್ತ ಮೊಬೈಲ್ ನೋಡಿ ಮೆಗ್ನೀಸಿಯಂ ಗುಳಿಗೆಗೆ ದುಡ್ಡು ಸುರಿಯುವ ಹುಡುಗರೂ ಇದ್ದಾರೆ. ಆತಂಕಕ್ಕೆ ಅದರಿಂದ ಗುಣವಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಮೆಗ್ನೀಸಿಯಂ ನಮ್ಮ ನಾಚಣಿಯಲ್ಲೂ ಗೇರುಬೀಜದಲ್ಲೂ ಇದೆ.

ಎಲ್ಲ ಅಂಜಿಕೆಯೂ ತಟ್ಟೆಯಿಂದ ಹುಟ್ಟುವುದಿಲ್ಲ. ಕುಡುಕ ಗಂಡ, ಸಂಘದ ಸಾಲದ ಕಂತು, ಇವಕ್ಕೆ ಯಾವ ಅಂಬಲಿಯೂ ಮದ್ದಲ್ಲ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಬಡಿಯುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸಲೇಬೇಕು. ವಾರಗಟ್ಟಲೆ ಕಳವಳ ಇಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ನಡೆಯುತ್ತಿದೆ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ.