ಹಲ್ಲಿನ ವಿದ್ಯೆಗೆ ನೆಲೆ ಕೊಟ್ಟ ಮಂತ್ರಿಗಳು

ಲವಂಗವನ್ನು ಕಚ್ಚಿ ಹಿಡಿದು, ಉಪ್ಪುನೀರನ್ನು ಮುಕ್ಕಳಿಸಿ, ಸಹಿಸಲಾರದಾದಾಗ ಬಲ್ಲವರಿಂದ ಕೀಳಿಸಿಕೊಂಡು ಸುಮ್ಮನಾಗುವುದೇ ಹಲ್ಲುನೋವಿನ ಚಿಕಿತ್ಸೆಯೆಂದು ಜನ ತಿಳಿದಿದ್ದ ಕಾಲದಲ್ಲಿ, ಇದಕ್ಕೂ ಒಂದು ಶಾಸ್ತ್ರವುಂಟು, ಅದನ್ನು ಈ ದೇಶದ ತರುಣರು ಈ ದೇಶದಲ್ಲಿಯೇ ಅಭ್ಯಸಿಸಬೇಕು ಎಂದು ಸಂಕಲ್ಪಿಸಿದವರು ಡಾಕ್ಟರ್ ರಫೀಉದ್ದೀನ್ ಅಹ್ಮದ್. ಪಶ್ಚಿಮ ಬಂಗಾಳದ ಮಂತ್ರಿಮಂಡಲದಲ್ಲಿ ಅವರು ಕುಳಿತದ್ದು ಬಹು ತಡವಾಗಿ. ಆದರೆ ಸಾರ್ವಜನಿಕ ಜೀವನಕ್ಕೆ ಅವರು ಕಾಲಿಟ್ಟದ್ದು ಆ ಸಂಕಲ್ಪ ಮಾಡಿದ ದಿನವೇ ಎಂದು ನಾನು ಭಾವಿಸುತ್ತೇನೆ.

1890ರ ಡಿಸೆಂಬರ್ 24ರಂದು ಪೂರ್ವಬಂಗಾಳದಲ್ಲಿ ಜನಿಸಿದ ಅಹ್ಮದರು ಅಲೀಗಢದಲ್ಲಿ ಓದಿ, ಅಮೆರಿಕೆಗೆ ತೆರಳಿ, 1915ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದಿಂದ ದಂತವೈದ್ಯ ಪದವಿಯನ್ನು ಪಡೆದರು. ಅನಂತರ ಅವರು ದುಡಿದದ್ದು ಬಾಸ್ಟನ್ ನಗರದ ಫಾರ್ಸೈತ್ ಚಿಕಿತ್ಸಾಲಯದಲ್ಲಿ. ದಾನಿಗಳ ದ್ರವ್ಯದಿಂದ 1914ರಲ್ಲಿ ತೆರೆದ ಆ ಸಂಸ್ಥೆ ಬಡವರ ಮಕ್ಕಳ ಹಲ್ಲುಗಳ ರಕ್ಷಣೆಗೆಂದೇ ಮೀಸಲಾದುದು. ದಂತಚಿಕಿತ್ಸೆಯು ಸಿರಿವಂತರ ವಿಲಾಸವಲ್ಲ, ಸಮಾಜದ ಹೊಣೆ ಎಂಬ ಅರಿವು ಆ ಮಕ್ಕಳ ನಡುವೆ ಅವರಲ್ಲಿ ಬಲಿತಿರಬೇಕು.

1919ರಲ್ಲಿ ಸ್ವದೇಶಕ್ಕೆ ಮರಳಿದವರು ಮರುವರ್ಷವೇ ಕಲ್ಕತ್ತೆಯಲ್ಲಿ ದಂತವೈದ್ಯ ವಿದ್ಯಾಲಯವನ್ನು ತೆರೆದರು. ಅದನ್ನು ನಡೆಸಲು ಹಣವೆಲ್ಲಿ? ಅದಕ್ಕಾಗಿ ಅವರು ಹುಡುಕಿದ ಉಪಾಯ ಯಾವ ಆಡಳಿತಗಾರನಿಗೂ ಹೊಳೆಯುವಂಥದಲ್ಲ: ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ಹೆಸರಿನಲ್ಲಿ ಐಸ್‌ಕ್ರೀಂ ಅಂಗಡಿಯೊಂದನ್ನಿಟ್ಟು, ಅಮೆರಿಕೆಯಲ್ಲಿ ಕಂಡ ಆ ತಂಪು ತಿನಿಸನ್ನು ಕಲ್ಕತ್ತೆಯವರಿಗೆ ಮಾರಿ, ಬಂದ ಲಾಭವನ್ನು ವಿದ್ಯಾಲಯಕ್ಕೆ ಸುರಿದರು. ವಿದೇಶದ ಪದವಿ ಪಡೆದ ವೈದ್ಯರೊಬ್ಬರು, ಸ್ವಂತ ಚಿಕಿತ್ಸಾಲಯದ ಸಂಪಾದನೆಯಲ್ಲಿ ಸುಖವಾಗಿರಬಹುದಾಗಿದ್ದವರು, ವಿದ್ಯಾರ್ಥಿಗಳ ಸಲುವಾಗಿ ಅಂಗಡಿಯಿಡಲು ಹಿಂಜರಿಯಲಿಲ್ಲವೆಂಬುದನ್ನು ನೆನೆದಾಗ ಮನಸ್ಸು ಗೌರವದಿಂದ ಬಾಗುತ್ತದೆ.

1925ರಲ್ಲಿ ದಂತವೈದ್ಯ ಪತ್ರಿಕೆಯನ್ನು ಆರಂಭಿಸಿ 1946ರವರೆಗೆ ತಾವೇ ಸಂಪಾದಿಸಿದರು. 1928ರಲ್ಲಿ ವಿದ್ಯಾರ್ಥಿಗಳಿಗೆಂದು ಕೈಪಿಡಿಯನ್ನು ಬರೆದರು. ಆದರೆ ಪುಸ್ತಕದಿಂದ ವಿದ್ಯೆ ಬೆಳೆದೀತೇ ಹೊರತು, ತರಬೇತಿಯಿಲ್ಲದವನ ಕೈಗೆ ರೋಗಿ ಸಿಕ್ಕದಂತೆ ಕಾಯಲು ಶಾಸನವೇ ಬೇಕು. ಕಲ್ಕತ್ತೆಯ ನಗರಸಭೆಯಲ್ಲಿ 1932ರಿಂದ 1936ರವರೆಗೆ ಸದಸ್ಯರಾಗಿದ್ದ ಅಹ್ಮದರ ಪ್ರಯತ್ನದ ಫಲವಾಗಿ 1939ರಲ್ಲಿ ಬಂಗಾಳದ ದಂತವೈದ್ಯ ಕಾಯಿದೆ ಜಾರಿಗೆ ಬಂದಿತು. ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂದದ್ದು 1948ರಲ್ಲಿ. ನಮ್ಮ ಬೆಂಗಳೂರಿನಲ್ಲಿ ಸರ್ಕಾರದ ದಂತವೈದ್ಯ ಕಾಲೇಜು 1958ರಲ್ಲಿ ಬಾಗಿಲು ತೆರೆಯುವ ವೇಳೆಗೆ ಕಲ್ಕತ್ತೆಯ ವಿದ್ಯಾಲಯಕ್ಕೆ 38 ವರ್ಷಗಳಾಗಿದ್ದುವು.

ಕಟ್ಟಿದುದನ್ನು ಕೊಟ್ಟುಬಿಡುವುದು ಕಟ್ಟುವುದಕ್ಕಿಂತ ಕಠಿಣ. ಮೂರು ದಶಕಗಳ ದುಡಿಮೆಯಿಂದ ಬೆಳೆಸಿದ ವಿದ್ಯಾಲಯವನ್ನು ಅಹ್ಮದರು 1949ರಲ್ಲಿ ಪಶ್ಚಿಮ ಬಂಗಾಳದ ಸರ್ಕಾರಕ್ಕೆ ದಾನವಾಗಿ ಒಪ್ಪಿಸಿ, ಮರುವರ್ಷ, ಸ್ವತಃ ಪ್ರಖ್ಯಾತ ವೈದ್ಯರಾಗಿದ್ದ ಬಿಧಾನ್ ಚಂದ್ರ ರಾಯರ ಮಂತ್ರಿಮಂಡಲವನ್ನು ಸೇರಿದರು. 1962ರವರೆಗೆ ಅವರ ಪಾಲಿಗೆ ಬಂದ ಖಾತೆಗಳು ಕೃಷಿ, ಸಹಕಾರ, ಸಮುದಾಯ ಅಭಿವೃದ್ಧಿ, ಪರಿಹಾರ ಮತ್ತು ಪುನರ್ವಸತಿ. ಇವುಗಳಲ್ಲಿ ಕಡೆಯದು ಎಷ್ಟು ಭಾರವಾದುದೆಂಬುದನ್ನು ಆ ಕಾಲದ ಕಲ್ಕತ್ತೆಯನ್ನು ಬಲ್ಲವರು ಬಲ್ಲರು: ದೇಶ ಇಬ್ಭಾಗವಾಗಿ, ಮಂತ್ರಿಗಳು ಹುಟ್ಟಿದ ಪೂರ್ವಬಂಗಾಳದಿಂದಲೇ ನಿರಾಶ್ರಿತರು ಅಲೆಯಲೆಯಾಗಿ ಬಂದು ರೈಲು ನಿಲ್ದಾಣಗಳಲ್ಲಿ ಬೀಡುಬಿಟ್ಟಿದ್ದರು.

1964ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು. 1965ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯಲ್ಲಿರುವ ಆ ವಿದ್ಯಾಲಯವು ಈಗ ಅವರ ಹೆಸರನ್ನೇ ಹೊತ್ತು, ಸರ್ಕಾರದ ಆಸ್ಪತ್ರೆಯೊಡಗೂಡಿ ನಡೆಯುತ್ತಿದೆ.